ಕ್ಯೂ ತುಂಬುವ ಮುನ್ನ

ಒಂದು ಬ್ಯಾಂಕು ಇನ್ನೊಂದಕ್ಕೆ ನೆಫ್ಟ್ ಮೂಲಕ ಹಣ ವರ್ಗಾಯಿಸುವಾಗ ಆ ವ್ಯವಹಾರದ ವಿವರ ಸಂದೇಶದ ರೂಪದಲ್ಲಿ, 2001ರಲ್ಲಿ ಆರಂಭವಾದ ಎಸ್‌ಎಫ್‌ಎಂಎಸ್ ಎಂಬ ಜಾಲದ ಮೂಲಕ ಸಾಗುತ್ತದೆ. ಮಹಾರಾಷ್ಟ್ರದ ಜೇಜುರಿಯಲ್ಲಿ ಭಂಡಾರವೆಂಬ ಅರಿಸಿನಪುಡಿ ಮಾರುವ ವ್ಯಾಪಾರಿ ಸಾಂಗ್ಲಿಯ ಅರಿಸಿನದ ಮಂಡಿಗೆ ಹಣ ಕಳಿಸಿದರೂ ನಡೆಯುವುದು ಇದೇ. ಕಳಿಸುವ ಕಂಪ್ಯೂಟರಿನ ವೇಗ ಪಡೆಯುವ ಕಂಪ್ಯೂಟರಿಗೆ ಇರಲೇಬೇಕೆಂದಿಲ್ಲವಾದ್ದರಿಂದ ಇಂಥ ವ್ಯವಸ್ಥೆಗಳಲ್ಲಿ ಸಂದೇಶಗಳು ಸರದಿಗಾಗಿ ಕಾಯುವ ತಾಣವೊಂದು ಬೇಕಾಗುತ್ತದೆ. ಅದಕ್ಕೆ ಮೆಸೇಜ್ ಕ್ಯೂ ಎಂದೂ, ಅಲ್ಲಿ ಕಾದಿರುವ ಸಂದೇಶಗಳ ಸಂಖ್ಯೆಗೆ ಕ್ಯೂ ಡೆಪ್ತ್ ಎಂದೂ ಹೆಸರು.

ಈ ಸಂಖ್ಯೆಯನ್ನು ಗಮನಿಸುವ ಬಗೆಯನ್ನು ಜೇಜುರಿಯ ಸೋಮವತಿ ಅಮಾವಾಸ್ಯೆಯ ಜನಸಂದಣಿಯಿಂದಲೇ ತಿಳಿಯಬಹುದು. ಖಂಡೋಬನ, ಎಂದರೆ ಕನ್ನಡಿಗರ ಮೈಲಾರನ, ಗುಡ್ಡದ ಮೇಲೆ ಕುಳಿತು ನಿಮಿಷಕ್ಕೊಮ್ಮೆ ಸರತಿಯ ತಲೆ ಎಣಿಸುವುದಕ್ಕಿಂತ, ಎರಡು ಮೆಟ್ಟಿಲುಗಳನ್ನು ಗುರುತಿಟ್ಟು, ಸರತಿ ಕೆಳಗಿನ ಗುರುತಿನವರೆಗೆ ಬೆಳೆದಾಗ ಒಮ್ಮೆ, ಕರಗಿ ಮೇಲಿನ ಗುರುತಿಗೆ ಸರಿದಾಗ ಮತ್ತೊಮ್ಮೆ ಕೂಗಿ ಹೇಳುವಂತೆ ಏರ್ಪಾಡು ಮಾಡುವುದು ಜಾಣತನ.

1993ರಲ್ಲಿ ಎಂಕ್ಯೂಸೀರೀಸ್ ಎಂಬ ಹೆಸರಿನಲ್ಲಿ ಬಂದ, ಇಂದಿನ ಐಬಿಎಂ ಎಂಕ್ಯೂ ತಂತ್ರಾಂಶ ಮಾಡುವುದೂ ಇದನ್ನೇ. ಲಿನಕ್ಸ್, ವಿಂಡೋಸ್ ಯಂತ್ರಗಳಲ್ಲಿ ಕ್ಯೂವಿನ ಮಿತಿ ಮೊದಲಿಗೆ 5000 ಸಂದೇಶಗಳೆಂದೂ, ಹೆಚ್ಚಿನ ಗುರುತು ಅದರ ಶೇ 80, ಕಡಿಮೆಯದು ಶೇ 20 ಎಂದೂ ನಿಗದಿಯಾಗಿರುತ್ತದೆ. ಡೆಪ್ತ್ 4000 ಮುಟ್ಟಿದೊಡನೆ ಒಂದು ಇವೆಂಟ್, ಅಂದರೆ ಎಚ್ಚರಿಕೆಯ ಸಂದೇಶ, ಹುಟ್ಟುತ್ತದೆ. ಆಮೇಲೆ ಸಂಖ್ಯೆ 3990ಕ್ಕೆ ಇಳಿದು ಮತ್ತೆ 4010ಕ್ಕೆ ಏರಿದರೂ ವ್ಯವಸ್ಥೆ ಮೌನವಾಗಿದ್ದು, 1000ಕ್ಕೆ ಇಳಿದ ಮೇಲಷ್ಟೇ ಇನ್ನೊಂದು ಸುದ್ದಿ ಕೊಟ್ಟು, ಹೆಚ್ಚಿನ ಗುರುತನ್ನು ಪುನಃ ಜಾಗೃತಗೊಳಿಸುತ್ತದೆ. ಎರಡು ಗುರುತುಗಳ ನಡುವಿನ ಈ ಅಂತರವೇ ಇಡೀ ವಿಧಾನದ ಜೀವಾಳ. ಒಂದೇ ಗುರುತಿದ್ದಿದ್ದರೆ ಗಳಿಗೆಗೊಂದು ಅಲರ್ಟ್ ಬಂದು, ನೋಡುವವರು ಅದನ್ನು ಅಲಕ್ಷಿಸುವುದನ್ನು ಬೇಗನೆ ಕಲಿತುಬಿಡುತ್ತಿದ್ದರು.

ವಿಚಿತ್ರವೆಂದರೆ, ಈ ಎಚ್ಚರಿಕೆಗಳನ್ನು ನಿರ್ವಾಹಕರೇ ಚಾಲೂ ಮಾಡಬೇಕು. ಚಾಲೂ ಆದ ಮೇಲೂ ಅವು ಬೇರೊಂದು ಕ್ಯೂಗೆ ಬಂದು ಬೀಳುವುದರಿಂದ ಅದನ್ನು ಓದುವ ತಂತ್ರಾಂಶವಿರದಿದ್ದರೆ ಆ ಕ್ಯೂವೂ ತುಂಬುತ್ತದೆ.

ಗುರುತನ್ನು ಎಲ್ಲಿಡಬೇಕೆಂಬುದನ್ನು ವ್ಯವಹಾರದ ಲಯ ನೋಡಿ ನಿರ್ಧರಿಸಬೇಕು. 2019ರ ಡಿಸೆಂಬರ್ 16ರಿಂದ ಹಗಲಿರುಳೂ ನಡೆಯುವ ನೆಫ್ಟ್‌ನಲ್ಲಿ ಅರ್ಧ ಗಂಟೆಗೊಮ್ಮೆ ಲೆಕ್ಕ ಇತ್ಯರ್ಥವಾಗುವುದರಿಂದ, ಅಂಥ ಕೆಲಸಕ್ಕೆ ಮೀಸಲಾದ ಕ್ಯೂವೊಂದು ನಿಯತವಾಗಿ ಉಬ್ಬಿ ಇಳಿದರೆ ಅದನ್ನು ರೋಗವೆನ್ನಲಾಗದು.

ಆದರೆ ಓದಬೇಕಾದ ತಂತ್ರಾಂಶ ನಿಂತುಹೋಗಿ ಮೂರೇ ಸಂದೇಶಗಳು ಗಂಟೆಗಟ್ಟಲೆ ಕಾದರೆ ಡೆಪ್ತ್ ಗುರುತಿಗೆ ಅದು ಕಾಣುವುದೇ ಇಲ್ಲ. ಇದಕ್ಕಾಗಿ ಸರ್ವಿಸ್ ಇಂಟರ್ವಲ್ ಎಂಬ, ಸಮಯವನ್ನು ಅಳೆಯುವ ಬೇರೆ ಇವೆಂಟ್ ಉಂಟಾದರೂ, ಅದು ಸಂದೇಶವೊಂದನ್ನು ಹಾಕುವಾಗ ಅಥವಾ ತೆಗೆಯುವಾಗ ಮಾತ್ರ ಗಡಿಯಾರ ನೋಡುತ್ತದೆ. ವಹಿವಾಟೇ ಇಲ್ಲದ ಹೊತ್ತಿನಲ್ಲಿ ಕ್ಯೂವಿನ ಅತ್ಯಂತ ಹಳೆಯ ಸಂದೇಶದ ವಯಸ್ಸನ್ನು ಪ್ರತ್ಯೇಕವಾಗಿ ಕೇಳಿಯೇ ತಿಳಿಯಬೇಕಾಗುತ್ತದೆ.