‘ರೇಸಿಂಗ್ ಅಪ್ರೂವ್ಡ್’ ಬ್ಯಾಟರಿಗೆ ಬೆಂಕಿ ಹತ್ತುವುದಿಲ್ಲವೇ?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಭಾನುವಾರ ಸಂಜೆ ರಿಮೋಟ್ ಕಾರು ಓಡಿಸುವ ಹುಡುಗರು ಈಗ ಅಪರೂಪವೇನಲ್ಲ. ಆಟಿಕೆ ಅಂಗಡಿಯ ಕಾರಲ್ಲ ಅವು; ಸ್ಕೂಟರಿನ ವೇಗಕ್ಕೆ ಸಾಟಿಯಾಗಿ ಓಡುವ, ಬಿಡಿಭಾಗ ಬದಲಿಸಬಹುದಾದ ‘ಆರ್‌ಸಿ’ ಕಾರುಗಳು. ಅವುಗಳ ಬ್ಯಾಟರಿ ಕೊಳ್ಳುವಾಗ ಒಂದು ಮಾತು ಕೇಳಿಬರುತ್ತದೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ನಿಮಗೂ ಬಂದಿರಬಹುದು: “ರೇಸಿಂಗ್ ಅಪ್ರೂವ್ಡ್ ಅಂತ ಬರೆದಿರೋದನ್ನೇ ತಗೊಳ್ಳಿ, ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಏನೂ ಆಗಲ್ಲ.”

ಮೊದಲ ಅರ್ಧವನ್ನು ಒಪ್ಪಬಹುದು. ಎರಡನೆಯ ಅರ್ಧ ಅಪಾಯಕಾರಿ.

ಈ ‘ಅಪ್ರೂವಲ್’ ಕೊಡುವವರು ಯಾರು? ಆರ್‌ಸಿ ಕಾರುಗಳಿಗೂ ಕ್ರಿಕೆಟ್ಟಿನಂತೆ ಆಡಳಿತ ಸಂಸ್ಥೆಗಳಿವೆ. ಅಮೆರಿಕದಲ್ಲಿ ರೋರ್, ಬ್ರಿಟನ್ನಿನಲ್ಲಿ ಬಿಆರ್‌ಸಿಎ, ಯುರೋಪಿಗೆ ಎಫ್ರಾ, ವಿಶ್ವ ಚಾಂಪಿಯನ್‌ಷಿಪ್ ನಡೆಸಲು ಇಫ್ಮಾರ್. ತಯಾರಕರು ಬ್ಯಾಟರಿಯ ಮಾದರಿಯನ್ನು ಕಳಿಸುತ್ತಾರೆ, ಸಂಸ್ಥೆ ಅದನ್ನು ಅಳೆದು ನೋಡಿ ತನ್ನ ಪಟ್ಟಿಗೆ ಸೇರಿಸುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಬ್ಯಾಟರಿಯನ್ನು ಅಧಿಕೃತ ಸ್ಪರ್ಧೆಗೆ ತಂದರೆ ಟ್ರ್ಯಾಕಿಗೆ ಬಿಡುವುದಿಲ್ಲ.

ಹಾಗಾದರೆ ಏನನ್ನು ಅಳೆಯುತ್ತಾರೆ? ಮುಖ್ಯವಾಗಿ ಗಾತ್ರ, ಹೊರಕವಚ ಮತ್ತು ವೋಲ್ಟೇಜ್. ಎರಡು ಸೆಲ್‌ಗಳ ಲಿಥಿಯಂ ಪಾಲಿಮರ್ ಪ್ಯಾಕ್ ಹೆಚ್ಚೆಂದರೆ ಸುಮಾರು 139 ಮಿ.ಮೀ. ಉದ್ದ, 47 ಮಿ.ಮೀ. ಅಗಲ, 25 ಮಿ.ಮೀ. ದಪ್ಪ ಇರಬೇಕು. ಈ ವಿಚಿತ್ರ ಅಳತೆಗೆ ಕಾರಣ ಹಳೆಯ ಕಾರುಗಳು. ಲಿಥಿಯಂ ಬರುವ ಮೊದಲು ಆರು ನಿಕ್ಕಲ್ ಸೆಲ್‌ಗಳನ್ನು ಸೇರಿಸಿದ 7.2 ವೋಲ್ಟಿನ ಪ್ಯಾಕ್ ಬಳಸುತ್ತಿದ್ದರು. ಹೊಸ ಬ್ಯಾಟರಿಯೂ ಅದೇ ಗೂಡಿನಲ್ಲಿ ಕೂರಬೇಕಿತ್ತು.

ಇನ್ನು ಗಟ್ಟಿ ಪ್ಲಾಸ್ಟಿಕ್ ಕವಚ. ನಿಮ್ಮ ಫೋನಿನ ಬ್ಯಾಟರಿಯ ಹಾಗೆಯೇ ಲಿಥಿಯಂ ಪಾಲಿಮರ್ ಸೆಲ್ ಎಂದರೆ ತೆಳುವಾದ ಅಲ್ಯೂಮಿನಿಯಂ ಪೊಟ್ಟಣ. ಫೋನಿನಲ್ಲಿ ಸುತ್ತಲೂ ಫೋನೇ ರಕ್ಷಣೆ. ಕಾರು ಗೋಡೆಗೆ ಗುದ್ದಿ ಪಲ್ಟಿ ಹೊಡೆದಾಗ ಪೊಟ್ಟಣ ಚುಚ್ಚಿ ಹೋದರೆ, ಒಳಗೆ ಧನ-ಋಣ ಪದರಗಳು ಒಂದಕ್ಕೊಂದು ತಾಗಿ ಕ್ಷಣದಲ್ಲಿ ಬಿಸಿಯೇರುತ್ತದೆ. ಕವಚದ ನಿಯಮ ಇರುವುದು ಈ ಗುದ್ದಾಟಕ್ಕೆ.

ವೋಲ್ಟೇಜಿನ ನಿಯಮ ಇನ್ನೂ ಕುತೂಹಲದ್ದು. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಎರಡು ಸೆಲ್ ಎಂದರೆ 8.4. ರೇಸಿಗೆ ಮುನ್ನ ಮೀಟರ್ ಹಿಡಿದು ನೋಡುತ್ತಾರೆ, ಇದಕ್ಕಿಂತ ಮೇಲಿದ್ದರೆ ಓಟಕ್ಕಿಲ್ಲ. ಏಕೆಂದರೆ 8.5ಕ್ಕೆ ಏರಿಸಿದರೆ ಕಾರು ಒಂದಿಷ್ಟು ಹೆಚ್ಚು ಜಿಗಿಯುತ್ತದೆ; ಗೆಲ್ಲುವ ಹಟವಿದ್ದವರು ಅದಕ್ಕೂ ಕೈಹಾಕುತ್ತಾರೆ. ಆದರೆ ಮಿತಿ ಮೀರಿ ತುಂಬಿದಾಗ ಲಿಥಿಯಂ ಋಣಪದರದ ಒಳಗೆ ಸೇರದೆ ಅದರ ಮೇಲೆಯೇ ಲೋಹವಾಗಿ ಮೆತ್ತಿಕೊಳ್ಳುತ್ತದೆ, ಮುಳ್ಳಿನಂತೆ ಬೆಳೆದು ಒಳಗೇ ಶಾರ್ಟ್ ಆಗಬಹುದು. ನ್ಯಾಯ ಮತ್ತು ಸುರಕ್ಷತೆ ಎರಡನ್ನೂ ಒಂದೇ ಅಂಕಿ ಕಾಯುತ್ತಿದೆ.

ಗಮನಿಸಿ, ಇದಿಷ್ಟೂ ಟ್ರ್ಯಾಕಿನ ನಿಯಮ. ಅಲ್ಲಿ ಕಣ್ಣಿಟ್ಟು ನೋಡುವವರಿದ್ದಾರೆ, ಬೆಂಕಿ ತಡೆಯುವ ಚೀಲದಲ್ಲಿಟ್ಟೇ ಚಾರ್ಜ್ ಮಾಡಬೇಕೆಂಬ ಕಟ್ಟಳೆಯಿದೆ. ಪಟ್ಟಿಯಲ್ಲಿ ಇರುವ ಬ್ಯಾಟರಿಗೇ ಈ ಚೀಲ ಬೇಕು ಎನ್ನುತ್ತಾರಲ್ಲ, ಆ ಫಾರ್ವರ್ಡಿಗೆ ಉತ್ತರ ಅಲ್ಲಿಯೇ ಇದೆ.

ಫೋನಿನಲ್ಲಿದೆ, ಇದರಲ್ಲಿಲ್ಲ

“ಫೋನನ್ನೂ ರಾತ್ರಿಯಿಡೀ ಚಾರ್ಜಿಗೆ ಹಾಕ್ತೀವಲ್ಲ?” ಎಂದು ಕೇಳಬಹುದು. ಫೋನಿನ ಬ್ಯಾಟರಿಗೆ ಅಂಟಿಕೊಂಡು ಒಂದು ಪುಟ್ಟ ರಕ್ಷಣಾ ಸರ್ಕ್ಯೂಟ್ ಇರುತ್ತದೆ. ಹೆಚ್ಚು ತುಂಬಿದರೆ, ತೀರಾ ಬರಿದಾದರೆ, ಶಾರ್ಟ್ ಆದರೆ ಅದು ಸಂಪರ್ಕ ಕಡಿದುಬಿಡುತ್ತದೆ. ಆರ್‌ಸಿ ಪ್ಯಾಕಿನಲ್ಲಿ ಸಾಮಾನ್ಯವಾಗಿ ಅದು ಇಲ್ಲ. ಹತ್ತಾರು ಆಂಪಿಯರ್ ಕರೆಂಟ್ ಒಮ್ಮೆಲೇ ಹರಿಯಬೇಕಾದ ಕಡೆ ಅಂಥ ಸರ್ಕ್ಯೂಟ್ ಅಡ್ಡಿಯಾಗುತ್ತದೆಂದು ಬಿಟ್ಟಿರುತ್ತಾರೆ. ಸೆಲ್‌ಗಳನ್ನು ಸಮತೋಲನದಲ್ಲಿಡುವ ಹೊಣೆಯೆಲ್ಲ ಚಾರ್ಜರಿನದು ಮತ್ತು ನಿಮ್ಮದು. ಚಾರ್ಜರನ್ನು ತಪ್ಪಾಗಿ ನಿಕ್ಕಲ್ ಮೋಡಿನಲ್ಲಿಟ್ಟರೆ ತಡೆಯುವವರಿಲ್ಲ.

ಶಕ್ತಿಯ ಲೆಕ್ಕವನ್ನೂ ನೋಡೋಣ. ಫೋನಿನ ಮೇಲೂ 5000 ಎಂಎಎಚ್ ಎಂದಿರುತ್ತದೆ, ಕಾರಿನ ಪ್ಯಾಕಿನ ಮೇಲೂ ಅಷ್ಟೇ. ಆದರೆ ಫೋನಿನದು ಒಂದು ಸೆಲ್, ಸುಮಾರು 19 ವ್ಯಾಟ್-ಅವರ್. ಕಾರಿನದು 7.4 ವೋಲ್ಟ್, 5 ಆಂಪಿಯರ್-ಅವರ್. ಗುಣಿಸಿದರೆ 37 ವ್ಯಾಟ್-ಅವರ್. ಸರಿಸುಮಾರು ಎರಡು ಫೋನುಗಳು ಒಂದೇ ಡಬ್ಬಿಯಲ್ಲಿ, ಕಾವಲುಗಾರನಿಲ್ಲದೆ.

ಲೇಬಲ್ಲಿನ ದೊಡ್ಡ ಅಂಕಿಗಳನ್ನೂ ಹಾಗೇ ನಂಬಬೇಡಿ. 5000 ಎಂಎಎಚ್ ಪ್ಯಾಕಿನ ಮೇಲೆ ‘100ಸಿ’ ಎಂದಿದ್ದರೆ 500 ಆಂಪಿಯರ್ ಕೊಡುತ್ತದೆ ಎಂದರ್ಥ. ಜನಪ್ರಿಯ ಎಕ್ಸ್‌ಟಿ60 ಕನೆಕ್ಟರಿನ ಸಾಮರ್ಥ್ಯ ಅದರ ಹೆಸರಲ್ಲೇ ಇದೆ, 60 ಆಂಪಿಯರ್. ಉಳಿದ 440 ಎಲ್ಲಿಂದ ಹೊರಬರಬೇಕೋ, ಲೇಬಲ್ ಬರೆದವರೇ ಹೇಳಬೇಕು.

ನಮ್ಮ ದೇಶದ ಗುರುತು ಯಾವುದು?

ಮನೆಗೆ ಬೇಕಾದ ಪರೀಕ್ಷೆ ಬೇರೆಯೇ ಇದೆ. ಪೋರ್ಟಬಲ್ ಉಪಕರಣಗಳ ಲಿಥಿಯಂ ಬ್ಯಾಟರಿಗಳು ಭಾರತೀಯ ಮಾನಕ ಬ್ಯೂರೋ ಅಂದರೆ ಬಿಐಎಸ್‌ನ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಮಾನಕದ ಸಂಖ್ಯೆ ಐಎಸ್ 16046. ಇದರಲ್ಲಿ ಬ್ಯಾಟರಿಯನ್ನು ಶಾರ್ಟ್ ಮಾಡಿ, ಬೀಳಿಸಿ, ಅದುಮಿ, ಹೆಚ್ಚು ಚಾರ್ಜ್ ಮಾಡಿ ನೋಡುತ್ತಾರೆ. ಪಾಸಾದ ಮೇಲೆ ಸಿಗುವ ಗುರುತಿನಲ್ಲಿ ಐಎಸ್ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಎರಡೂ ಇರಬೇಕು. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ನೋಂದಣಿ ಯಾವ ಕಂಪನಿಯದು, ಯಾವ ವಸ್ತುವಿನದು ಎಂದು ತೋರಿಸುತ್ತದೆ. ಬ್ಯಾಟರಿಯ ಮೇಲಿನ ಸಂಖ್ಯೆ ಹಾಕಿದಾಗ ಎಲ್‌ಇಡಿ ಬಲ್ಬ್ ಕಂಪನಿಯ ಹೆಸರು ಬಂದರೆ ಏನೆಂದು ತಿಳಿಯಬೇಕೋ ತಿಳಿದುಕೊಳ್ಳಿ. ಯಶವಂತಪುರದ ಕಡೆಯವರಿಗೆ ಬಿಐಎಸ್ ಕಚೇರಿ ದೂರವೇನಲ್ಲ, ತುಮಕೂರು ರಸ್ತೆಯ ಪೀಣ್ಯದಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆ ಕಾರಾದರೆ 2021ರ ಜನವರಿ 1ರಿಂದ ಐಎಸ್‌ಐ ಗುರುತೂ ಕಡ್ಡಾಯ.

ಈ ಗುರುತಿದ್ದರೆ ಬೆಂಕಿಯೇ ಹತ್ತದೇ? ಹಾಗಲ್ಲ. ಪರೀಕ್ಷೆಯಾದದ್ದು ಹೊಸ ಮಾದರಿಗೆ. ನಿಮ್ಮ ಕೈಯಲ್ಲಿರುವುದು ಐವತ್ತು ಸಲ ಚಾರ್ಜ್ ಆಗಿ, ಮೂರು ಸಲ ಕಂಬಕ್ಕೆ ಗುದ್ದಿದ ಬ್ಯಾಟರಿ.

ಹಾಗಾಗಿ ಚಾರ್ಜಿಂಗ್ ನಡೆಯುವಾಗ ಎದ್ದಿರುವವರೊಬ್ಬರು ಹತ್ತಿರವಿರಬೇಕು. ಹಾಸಿಗೆ, ಸೋಫಾ, ಶೂ ಸ್ಟ್ಯಾಂಡಿನ ಮೇಲೆ ಬೇಡ. ಕಲ್ಲಿನ ಅಥವಾ ಟೈಲ್ಸ್ ನೆಲ ಒಳ್ಳೆಯದು. ಹೊರಹೋಗುವ ಬಾಗಿಲಿನ ಬಳಿಯಂತೂ ಬೇಡವೇ ಬೇಡ, ಬೆಂಕಿಯಾದರೆ ಓಡಬೇಕಾದ ದಾರಿ ಅದೇ. 5000 ಎಂಎಎಚ್ ಪ್ಯಾಕಿಗೆ 5 ಆಂಪಿಯರ್ ಮೀರದಂತೆ, ಬ್ಯಾಲೆನ್ಸ್ ಮೋಡಿನಲ್ಲಿ ಚಾರ್ಜ್ ಮಾಡಿ. ವಾರಗಟ್ಟಲೆ ಬಳಸದಿದ್ದರೆ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿ ಎತ್ತಿಡಿ. ಗಟ್ಟಿ ಕವಚದ ಒಂದು ತೊಂದರೆ ಎಂದರೆ ಒಳಗೆ ಸೆಲ್ ಉಬ್ಬಿದರೆ ಬೇಗ ಕಾಣುವುದಿಲ್ಲ. ಕವಚದ ಜೋಡಣೆ ಬಿರುಕು ಬಿಟ್ಟಿದ್ದರೆ, ಸಮತಟ್ಟಾದ ಮೇಜಿನ ಮೇಲಿಟ್ಟಾಗ ತೊಟ್ಟಿಲಿನಂತೆ ಆಡಿದರೆ ಅದರ ಕಥೆ ಮುಗಿಯಿತು. ಚುಚ್ಚಿ ಗಾಳಿ ತೆಗೆಯುವ ವಿಡಿಯೊಗಳನ್ನು ದಯವಿಟ್ಟು ಮುಂದೆ ಕಳಿಸಬೇಡಿ.

“ಲಿಥಿಯಂ ಬೆಂಕಿಗೆ ನೀರು ಹಾಕಿದರೆ ಸ್ಫೋಟ” ಎಂಬ ಇನ್ನೊಂದು ಫಾರ್ವರ್ಡ್ ಇದೆ. ಅದು ಶುದ್ಧ ಲಿಥಿಯಂ ಲೋಹದ ವಿಷಯ. ಮತ್ತೆ ಮತ್ತೆ ಚಾರ್ಜ್ ಮಾಡುವ ಈ ಬ್ಯಾಟರಿಗಳಲ್ಲಿ ಲಿಥಿಯಂ ಬಹುಪಾಲು ಸಂಯುಕ್ತ ರೂಪದಲ್ಲಿರುತ್ತದೆ. ಸಣ್ಣ ಪ್ಯಾಕಿಗೆ ಬೆಂಕಿ ಹತ್ತಿದರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಧಾರಾಳವಾಗಿ ನೀರು ಸುರಿದು ತಂಪಾಗಿಸುವುದೇ ಸರಿ. ಆದರೆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡಿನಂಥ ವಿಷಾನಿಲವಿರುತ್ತದೆ. ಕೋಣೆ ಹೊಗೆಯಿಂದ ತುಂಬಿದ್ದರೆ ವೀರತನ ಬೇಡ, ಎಲ್ಲರನ್ನೂ ಹೊರಗೆ ಕರೆತಂದು 101 ಅಥವಾ 112ಕ್ಕೆ ಕರೆ ಮಾಡಿ.

ಸತ್ತ ಪ್ಯಾಕನ್ನು ಬೆಳಗಿನ ಕಸದ ಗಾಡಿಗೆ ಹಾಕಬಾರದು. ಕಸ ಅದುಮುವ ಲಾರಿಯೊಳಗೆ ಅದು ಜಜ್ಜಿಹೋದರೆ ಬೆಂಕಿ ಹತ್ತುವುದು ಪೌರಕಾರ್ಮಿಕರ ಪಕ್ಕದಲ್ಲಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ಉತ್ಪಾದಕರದು, ಅದನ್ನು ಮನೆಕಸದಿಂದ ಬೇರ್ಪಡಿಸಿ ಕೊಡುವುದು ನಮ್ಮದು. ಎರಡು ತುದಿಗಳಿಗೂ ಬೇರೆ ಬೇರೆಯಾಗಿ ಇನ್ಸುಲೇಷನ್ ಟೇಪ್ ಸುತ್ತಿ, ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡುವಾಗ “ಇದು ಲಿಥಿಯಂ ಬ್ಯಾಟರಿ” ಎಂದು ಬಾಯಿಬಿಟ್ಟು ಹೇಳಿ.