ಒಲೆಯಲ್ಲಿ ಸುಟ್ಟುಹೋದ ಸಾಕ್ಷಿ

ಮಂಗಳನ ಮಣ್ಣನ್ನು ಕೈಯಲ್ಲಿ ಹಿಡಿದು ‘ನಿನ್ನಲ್ಲಿ ಜೀವ ಇದೆಯೇ’ ಎಂದು ನೇರವಾಗಿ ಕೇಳಿ ಉತ್ತರ ಪಡೆದ ನೌಕೆಗಳು ಇದುವರೆಗೆ ಎರಡೇ: ಅಮೆರಿಕದ ವೈಕಿಂಗ್-1 ಮತ್ತು ವೈಕಿಂಗ್-2. ಆಮೇಲೆ ಅಲ್ಲಿ ಇಳಿದವೆಲ್ಲ ನೀರಿತ್ತೇ, ಬದುಕಲು ತಕ್ಕ ಪರಿಸರವಿತ್ತೇ ಎಂದು ಸುತ್ತುಬಳಸಿ ವಿಚಾರಿಸಿದವು. ಆ ಹಿಂಜರಿಕೆಗೆ 1976ರಲ್ಲಿ ಸಿಕ್ಕ ಉತ್ತರವೇ ಕಾರಣ. ಆ ಉತ್ತರದ ಒಂದು ಮುಖ್ಯ ಸಾಲನ್ನು ತಪ್ಪಾಗಿ ಓದಿಕೊಂಡಿರಬಹುದು ಎಂಬ ಅನುಮಾನ ಗಟ್ಟಿಯಾಗಲು ಮೂವತ್ತೆರಡು ವರ್ಷ ಹಿಡಿಯಿತು. ಅದೂ ಬೇರೇನನ್ನೋ ಅಳೆಯಲೆಂದು ಹೋದ ಒಂದು ಪುಟ್ಟ ಸಂವೇದಕದ ದೆಸೆಯಿಂದ.

ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ತುಂಬುವ 1976ರ ಜುಲೈ 4ರಂದೇ ವೈಕಿಂಗ್-1 ಇಳಿಯಬೇಕೆಂಬುದು ಯೋಜನೆ. ಕಕ್ಷೆಯಿಂದ ತೆಗೆದ ಚಿತ್ರಗಳಲ್ಲಿ ಆರಿಸಿದ್ದ ಜಾಗ ತೀರಾ ಒರಟಾಗಿ ಕಂಡಿತು. ಹಬ್ಬದ ಆಸೆ ಬಿಟ್ಟು ಬೇರೆ ಜಾಗ ಹುಡುಕಿ ಜುಲೈ 20ರಂದು ಕ್ರೈಸೆ ಬಯಲಿನಲ್ಲಿ ಇಳಿಸಿದರು. ಸೆಪ್ಟೆಂಬರ್ 3ರಂದು ವೈಕಿಂಗ್-2 ಯುಟೋಪಿಯಾ ಬಯಲಿಗೆ ಇಳಿಯಿತು.

ಒಂದೊಂದು ನೌಕೆಯಲ್ಲೂ ಜೀವಪರೀಕ್ಷೆಯ ಮೂರು ಪ್ರಯೋಗಗಳಿದ್ದವು. ಗದ್ದಲ ಎಬ್ಬಿಸಿದ್ದು ಗಿಲ್ಬರ್ಟ್ ಲೆವಿನ್ ಅವರದು. ಲೆವಿನ್ ಖಗೋಳದವರಲ್ಲ, ಜೀವವಿಜ್ಞಾನಿಯೂ ಅಲ್ಲ. ಸಾರ್ವಜನಿಕ ನೈರ್ಮಲ್ಯದ ಎಂಜಿನಿಯರ್. ಕುಡಿಯುವ ನೀರು ಕೆಟ್ಟಿದೆಯೇ ಎಂದು ಬೇಗ ಪತ್ತೆ ಮಾಡಲು ಅವರೊಂದು ಉಪಾಯ ಕಂಡುಕೊಂಡಿದ್ದರು. ವಿಕಿರಣಶೀಲ ಇಂಗಾಲ-14 ಬೆರೆಸಿದ ಆಹಾರವನ್ನು ನೀರಿಗೆ ಹಾಕುವುದು. ಸೂಕ್ಷ್ಮಜೀವಿ ಇದ್ದರೆ ಅದನ್ನು ತಿಂದು ಗಾಳಿ ಬಿಡುತ್ತದೆ, ಆ ಗಾಳಿಯಲ್ಲಿ ವಿಕಿರಣ ಕಾಣಿಸುತ್ತದೆ. ಊರಿನ ನಲ್ಲಿ ನೀರಿನ ಪರೀಕ್ಷೆಯೇ ಮಂಗಳನಿಗೂ ಹೋಯಿತು. ಪೆಟ್ರೀಷಿಯಾ ಸ್ಟ್ರಾಟ್ ಎಂಬ ಜೀವರಸಾಯನ ವಿಜ್ಞಾನಿ ಅವರ ಜೊತೆಗಿದ್ದರು.

ಜುಲೈ 30ರಂದು ಮಣ್ಣಿಗೆ ಆ ಆಹಾರದ ಹನಿ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ವಿಕಿರಣದ ಎಣಿಕೆ ಏರತೊಡಗಿತು. ಅದೇ ಮಣ್ಣಿನ ಇನ್ನೊಂದು ಪಾಲನ್ನು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಕಾಯಿಸಿ ಮತ್ತೆ ಹನಿ ಹಾಕಿದಾಗ ಏನೂ ಆಗಲಿಲ್ಲ. ಬಿಸಿಗೆ ಸಾಯುವಂಥದ್ದೇನೋ ಇದೆ ಎಂದಾಯಿತು. ಹೊರಡುವ ಮೊದಲೇ ಒಪ್ಪಿಕೊಂಡಿದ್ದ ಲೆಕ್ಕದ ಪ್ರಕಾರ ಇದು ‘ಜೀವ ಇದೆ’ ಎಂಬ ಉತ್ತರವೇ. ಆದರೆ ಎರಡನೇ ಸಲ ಆಹಾರ ಹಾಕಿದಾಗ ಹೊಸ ಗಾಳಿ ಬರಲಿಲ್ಲ. ಬಂದಿದ್ದರಲ್ಲೂ ಒಂದಿಷ್ಟು ಮಣ್ಣಿನೊಳಕ್ಕೇ ಹಿಂತಿರುಗಿತು. ಹೊಟ್ಟೆಗೆ ಬಿದ್ದಷ್ಟೂ ಮರಿ ಹಾಕುವ ಸೂಕ್ಷ್ಮಜೀವಿಯ ನಡವಳಿಕೆ ಇದಲ್ಲ. ಪಕ್ಕದ ಪ್ರಯೋಗದಲ್ಲಂತೂ ಮಣ್ಣಿಗೆ ಬರೀ ತೇವ ತಗುಲಿದ್ದಕ್ಕೇ ಆಮ್ಲಜನಕ ಹೊರಬಂತು, ಮೊದಲೇ ಕಾಯಿಸಿದ ಮಣ್ಣಿನಿಂದಲೂ ಬಂತು.

ತಕರಾರು ತೀರಿಸಿದ್ದು ನಾಲ್ಕನೆಯ ಉಪಕರಣ. ಎಂಐಟಿಯ ಕ್ಲಾಸ್ ಬೀಮನ್ ಅವರ ತಂಡದ್ದು. ಮಣ್ಣಿನ ಚಿಟಿಕೆಯನ್ನು ಪುಟ್ಟ ಒಲೆಯಲ್ಲಿ 500 ಡಿಗ್ರಿವರೆಗೆ ಕಾಯಿಸಿ, ಎದ್ದ ಆವಿಯಲ್ಲಿ ಯಾವ ಅಣುಗಳಿವೆ ಎಂದು ಶತಕೋಟಿಗೆ ಕೆಲವೇ ಪಾಲಿನಷ್ಟು ನವಿರಾಗಿ ಗುರುತಿಸುವ ಯಂತ್ರ. ಜೀವಿಗಳಿದ್ದರೆ ಸತ್ತವುಗಳ ಅವಶೇಷವೂ ಇರಲೇಬೇಕು, ಇಂಗಾಲದ ಸಾವಯವ ಅಣುಗಳು ಸಿಗಲೇಬೇಕು. ಸಿಗಲಿಲ್ಲ. ಇದು ಜೀವವಿಲ್ಲ ಎಂಬುದಕ್ಕಿಂತ ವಿಚಿತ್ರವಾದ ಸಂಗತಿ. ಉಲ್ಕೆಗಳು ಕೋಟ್ಯಂತರ ವರ್ಷ ಸುರಿದ ಗ್ರಹದಲ್ಲಿ, ಅವು ಹೊತ್ತು ತಂದ ಇಂಗಾಲವಾದರೂ ಇರಬೇಕಿತ್ತಲ್ಲ! ಮಂಗಳನ ಮಣ್ಣಿನಲ್ಲಿ ಸಾವಯವವನ್ನು ಸುಟ್ಟು ಮುಗಿಸುವ ಯಾವುದೋ ಉತ್ಕರ್ಷಕ ಇದೆ, ಬಹುಶಃ ಪೆರಾಕ್ಸೈಡ್, ಎಂದು ಬಹುಪಾಲು ವಿಜ್ಞಾನಿಗಳು ತೀರ್ಮಾನಕ್ಕೆ ಬಂದರು. ಲೆವಿನ್ ಒಪ್ಪಲಿಲ್ಲ, 2021ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ.

ಏನೂ ಸಿಗಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಮೊದಲ ತಾಣದಲ್ಲಿ ಕ್ಲೋರೋಮೀಥೇನ್ ಶತಕೋಟಿಗೆ 15 ಪಾಲು ಸಿಕ್ಕಿತು. ಎರಡನೆಯದರಲ್ಲಿ ಡೈಕ್ಲೋರೋಮೀಥೇನ್, ಹೆಚ್ಚೆಂದರೆ 40 ಪಾಲು. ಎರಡರಲ್ಲೂ ಇಂಗಾಲವಿದೆ, ಕ್ಲೋರಿನ್ ಇದೆ. ಆದರೆ ಭೂಮಿಯಲ್ಲಿ ಯಂತ್ರದ ಬಿಡಿಭಾಗಗಳನ್ನು ತೊಳೆಯಲು ಬಳಸುವ ದ್ರಾವಕಗಳೂ ಇಂಥವೇ. ನಮ್ಮ ಕೈಯ ಕೊಳೆಯನ್ನೇ ನಾವು ಅಲ್ಲಿ ಅಳೆದಿದ್ದೇವೆ ಎಂದು ಬೀಮನ್ ತಂಡ ಅದನ್ನು ಬದಿಗಿಟ್ಟಿತು. ಆ ತೀರ್ಮಾನವನ್ನು ಈಗ ಹಳಿಯುವುದು ಸುಲಭ. ಆ ಹೊತ್ತಿನಲ್ಲಿ ಕೈಲಿದ್ದ ಮಾಹಿತಿಗೆ ಅದೇ ಎಚ್ಚರದ ನಿಲುವು ಎಂದು ನನಗನಿಸುತ್ತದೆ. ಒಂದು ಎಳೆ ಮಾತ್ರ ಸಡಿಲವಾಗಿತ್ತು: ಮಣ್ಣಿಲ್ಲದೆ ಖಾಲಿ ಒಲೆ ಕಾಯಿಸಿ ನೋಡಿದಾಗ ಆ ಕೊಳೆ ಅಷ್ಟು ಪ್ರಮಾಣದಲ್ಲಿ ಕಂಡಿರಲಿಲ್ಲ.

ಮಂಗಳನ ನೆಲದ ಮೇಲೆ ಮುಂದಿನ ನೌಕೆ ಕೆಲಸ ಮಾಡಿದ್ದು 1997ರಲ್ಲಿ. ಅಷ್ಟು ದೀರ್ಘವಾಗಿತ್ತು ‘ಇಲ್ಲ’ ಎಂಬ ಉತ್ತರದ ನೆರಳು.

ಫೀನಿಕ್ಸ್ ನೌಕೆ 2008ರ ಮೇ 25ರಂದು ಮಂಗಳನ ಉತ್ತರ ಧ್ರುವದ ಕಡೆ, 68 ಡಿಗ್ರಿ ಅಕ್ಷಾಂಶದ ಬಯಲಿನಲ್ಲಿ ಇಳಿಯಿತು. ಮಣ್ಣಿನಡಿಯ ಮಂಜುಗಡ್ಡೆ ಮುಟ್ಟುವುದು ಅದರ ಗುರಿ. ಜೊತೆಗೆ ಮೈಕೆಲ್ ಹೆಕ್ಟ್ ನೇತೃತ್ವದ ಉಪಕರಣದೊಳಗೆ ಟಫ್ಟ್ಸ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಕೌನಾವೆಸ್ ಮತ್ತು ಸಂಗಡಿಗರ ಒಂದು ಪುಟಾಣಿ ರಸಾಯನ ಪ್ರಯೋಗಾಲಯ. ಟೀ ಕಪ್ಪಿನಷ್ಟೇ ದೊಡ್ಡ ನಾಲ್ಕು ಬೀಕರು, ಅವುಗಳ ಗೋಡೆಗೆ ಸುತ್ತಲೂ ಸಂವೇದಕಗಳು. ಭೂಮಿಯಿಂದಲೇ ಒಯ್ದ 25 ಮಿಲಿಲೀಟರ್ ನೀರಿಗೆ ಒಂದು ಘನ ಸೆಂಟಿಮೀಟರ್ ಮಣ್ಣು ಹಾಕಿ ಕದಡಿ, ಯಾವ ಲವಣ ಎಷ್ಟು ಕರಗಿತು ಎಂದು ನೋಡುವುದು. ವೈಕಿಂಗ್ ಕಾಯಿಸಿ ನೋಡಿತ್ತು, ಇದು ನೆನೆಸಿ ನೋಡಿತು. ಕತೆಯ ತಿರುವೆಲ್ಲ ಇಷ್ಟರಲ್ಲಿದೆ.

ಜೂನ್ 25ರಂದು ಮೊದಲ ಮಣ್ಣು ಬೀಕರಿಗೆ ಬಿತ್ತು. ಮಣ್ಣು ಹುಳಿಯಲ್ಲ, ಸ್ವಲ್ಪ ಕ್ಷಾರದ ಕಡೆಗಿದೆ ಎಂದು ಮರುದಿನವೇ ಹೇಳಿದರು. ಇಲ್ಲಿ ಆಸ್ಪರಾಗಸ್ ಬೆಳೆಯಬಹುದೇನೋ ಎಂಬ ಮಾತೂ ಹೊರಬಿತ್ತು. ನಮ್ಮ ಶತಾವರಿಯ ಕುಲದ ತರಕಾರಿ ಅದು, ಪತ್ರಿಕೆಗಳಿಗೆ ಹಬ್ಬವಾಯಿತು. ಒಳಗಿದ್ದವರನ್ನು ಕಾಡಿದ್ದು ಇನ್ನೊಂದು ಅಂಕಿ. ನೈಟ್ರೇಟ್ ಅಳೆಯಲೆಂದು ಇಟ್ಟಿದ್ದ ಸಂವೇದಕ ವಿಪರೀತ ಜೋರಾಗಿ ಸ್ಪಂದಿಸಿತ್ತು. ಅದನ್ನು ನೈಟ್ರೇಟ್ ಎಂದೇ ನಂಬಿ ಲೆಕ್ಕ ಹಾಕಿದರೆ, ಬೀಕರಿಗೆ ಹಾಕಿದ ಒಟ್ಟು ಮಣ್ಣಿನ ತೂಕಕ್ಕಿಂತ ನೈಟ್ರೇಟಿನ ತೂಕವೇ ಹೆಚ್ಚಾಗುತ್ತಿತ್ತು! ಆ ಜಾತಿಯ ಸಂವೇದಕಕ್ಕೆ ನೈಟ್ರೇಟಿಗಿಂತ ಎಷ್ಟೋ ಪಟ್ಟು ಹೆಚ್ಚು ತಾಗುವ ಅಯಾನು ಒಂದಿದೆ: ಪರ್ಕ್ಲೋರೇಟ್. ಒಂದು ಕ್ಲೋರಿನ್, ಅದಕ್ಕೆ ಅಂಟಿದ ನಾಲ್ಕು ಆಮ್ಲಜನಕ.

ತಕ್ಷಣ ಹಳೆಯ ಭೂತ ಎದ್ದು ನಿಂತಿತು. ಇದೂ ನಮ್ಮ ಕೊಳೆಯೇ? ಪಟಾಕಿಗೂ ರಾಕೆಟ್ಟಿನ ಘನ ಇಂಧನಕ್ಕೂ ಬಳಸುವ ವಸ್ತು ಪರ್ಕ್ಲೋರೇಟ್, ಫೀನಿಕ್ಸನ್ನು ಹಾರಿಸಿದ ರಾಕೆಟ್ಟಿನಲ್ಲೂ ಅದು ಇತ್ತು. (ನಮ್ಮ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಉರಿಗೆ ಆಮ್ಲಜನಕ ಒದಗಿಸುವುದೂ ಅಮೋನಿಯಂ ಪರ್ಕ್ಲೋರೇಟೇ. 2013ರ ನವೆಂಬರ್ 5ರಂದು ಮಂಗಳಯಾನ ಶ್ರೀಹರಿಕೋಟಾ ಬಿಟ್ಟದ್ದು, ಮಂಗಳನ ಮಣ್ಣಿನಲ್ಲಿರುವ ಕುಲದ ಉಪ್ಪನ್ನೇ ಉರಿಸಿಕೊಂಡು.) ನೌಕೆ ಇಳಿಯುವಾಗ ಬಳಸಿದ್ದು ಹೈಡ್ರಜೀನ್, ಅದರಲ್ಲಿ ಪರ್ಕ್ಲೋರೇಟ್ ಇಲ್ಲ. ಎರಡನೆಯ ಮಾದರಿಯಲ್ಲೂ ಅದೇ ಸಂಕೇತ ಬಂತು. ತಂಡ ಬಾಯಿ ಬಿಡದೆ ಪರಿಶೀಲಿಸುತ್ತಿದ್ದಾಗಲೇ, ನಾಸಾ ಏನೋ ದೊಡ್ಡದನ್ನು ಶ್ವೇತಭವನಕ್ಕೆ ತಿಳಿಸಿದೆಯಂತೆ ಎಂಬ ಸುದ್ದಿ ಪತ್ರಿಕೆಗೆ ಸೋರಿತು. ಜೀವ ಸಿಕ್ಕಿತಂತೆ ಎಂಬ ಗಾಳಿಮಾತು ಹಬ್ಬಿ, ಆಗಸ್ಟ್ 5ರಂದು ಅವಸರದಲ್ಲಿ ವಿವರಣೆ ಕೊಡಬೇಕಾಯಿತು. ಮಣ್ಣಿನ ತೂಕದಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಪರ್ಕ್ಲೋರೇಟ್ ಇದೆ ಎಂಬ ಪ್ರಬಂಧ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಪರ್ಕ್ಲೋರೇಟ್ ತಣ್ಣಗಿದ್ದಾಗ ಸಾಧು. ನೂರಾರು ಡಿಗ್ರಿ ಬಿಸಿಯಾದರೆ ಹಿಡಿದಿಟ್ಟ ಆಮ್ಲಜನಕವನ್ನೆಲ್ಲ ಬಿಟ್ಟು ಪಕ್ಕದಲ್ಲಿರುವ ಇಂಗಾಲವನ್ನು ಉರಿಸಿಬಿಡುತ್ತದೆ. ಹಾಗಾದರೆ ವೈಕಿಂಗ್ 500 ಡಿಗ್ರಿಯಲ್ಲಿ ಮಾಡಿದ್ದೇನು? ಡಬ್ಬಿಯಲ್ಲಿ ಕರ್ಪೂರ ಇದೆಯೇ ಎಂದು ತಿಳಿಯಲು ಅದಕ್ಕೆ ಕಡ್ಡಿ ಗೀರಿ, ಆಮೇಲೆ ಡಬ್ಬಿ ಖಾಲಿ ಎಂದು ಬರೆದುಕೊಂಡ ಹಾಗೆ.

ಈ ಪ್ರಶ್ನೆ ಹಿಡಿದು ಕೂತವರು ಮೆಕ್ಸಿಕೋದ ರಫಾಯೆಲ್ ನವಾರೋ-ಗೊನ್ಸಾಲೆಸ್ ಮತ್ತು ನಾಸಾದ ಕ್ರಿಸ್ ಮೆಕೇ. ಇವರ ತಂಡ 2003ರಲ್ಲೇ ಚಿಲಿ ದೇಶದ ಅಟಕಾಮಾ ಮರುಭೂಮಿಯ ಅತಿ ಒಣ ಭಾಗದಿಂದ ಮಣ್ಣು ತಂದು, ವೈಕಿಂಗ್ ಅಲ್ಲಿ ಇಳಿದಿದ್ದರೂ ಏನೂ ಸಿಗುತ್ತಿರಲಿಲ್ಲ ಎಂದು ತೋರಿಸಿತ್ತು. ಈಗ ಲಕ್ಷಕ್ಕೆ ಮೂರು ಪಾಲಿನಷ್ಟು ಸಾವಯವ ಇಂಗಾಲವಿದ್ದ ಅಟಕಾಮಾ ಮಣ್ಣಿಗೆ ನೂರಕ್ಕೆ ಒಂದು ಪಾಲು ಮೆಗ್ನೀಸಿಯಂ ಪರ್ಕ್ಲೋರೇಟ್ ಬೆರೆಸಿ 500 ಡಿಗ್ರಿಗೆ ಕಾಯಿಸಿದರು. ಸಾವಯವ ಬಹುತೇಕ ಎಲ್ಲವೂ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೋಯಿತು. ಉಳಿದ ಚೂರುಪಾರಿನಲ್ಲಿ ಸಿಕ್ಕಿದ್ದು ಎರಡು ಹಳೆಯ ಹೆಸರು: ಕ್ಲೋರೋಮೀಥೇನ್, ಡೈಕ್ಲೋರೋಮೀಥೇನ್.

2010ರಲ್ಲಿ ಇದು ಪ್ರಕಟವಾದಾಗ ಬೀಮನ್‌ಗೆ ಎಂಬತ್ತು ದಾಟಿತ್ತು. ಅವರು ಸುಮ್ಮನಿರಲಿಲ್ಲ, ಲಿಖಿತವಾಗಿಯೇ ಆಕ್ಷೇಪಿಸಿದರು. ಫೀನಿಕ್ಸ್ ಇಳಿದ ಜಾಗ ಬೇರೆ, ವೈಕಿಂಗ್ ಇಳಿದ ಜಾಗ ಬೇರೆ. ಒಂದು ಕಡೆಯ ಉಪ್ಪನ್ನು ಇನ್ನೊಂದು ಕಡೆಗೆ ಹೇಗೆ ಹೊಂದಿಸುತ್ತೀರಿ? ಕೇಳಬೇಕಾದ ಪ್ರಶ್ನೆಯೇ.

ಉತ್ತರ ಹೊತ್ತು 2012ರ ಆಗಸ್ಟ್‌ನಲ್ಲಿ ಕ್ಯೂರಿಯಾಸಿಟಿ ರೋವರ್ ಮಂಗಳನ ಗೇಲ್ ಕುಳಿಯಲ್ಲಿ ಇಳಿಯಿತು. ಅದರ ರಸಾಯನ ಯಂತ್ರವನ್ನು ಆರಿಸಿದ್ದು 2004ರಲ್ಲಿ, ಪರ್ಕ್ಲೋರೇಟಿನ ಸುದ್ದಿಯೇ ಇಲ್ಲದಾಗ. ಹಾಗಾಗಿ ಅದೂ ಒಲೆ ಹೊತ್ತೇ ಹೋಗಿತ್ತು. ಮೊದಲ ಮರಳನ್ನು ಕಾಯಿಸಿದಾಗ ಕ್ಲೋರೋಮೀಥೇನ್‌ಗಳೇ ಬಂದವು. ಸಮಭಾಜಕದ ಹತ್ತಿರವೂ ಪರ್ಕ್ಲೋರೇಟ್ ಇದೆ ಎಂಬ ಸೂಚನೆ ಸಿಕ್ಕಂತಾಯಿತು. ಆದರೆ ಯಂತ್ರದೊಳಗಿನ ಒಂದು ರಾಸಾಯನಿಕ ಸೋರಿ ಆವಿಯಾಗಿ ಹರಡಿತ್ತು. ಕ್ಲೋರಿನ್ ಮಂಗಳನದು, ಇಂಗಾಲ ಭೂಮಿಯದು ಎಂದು ತಂಡವೇ ಒಪ್ಪಿಕೊಂಡಿತು. ಮೂವತ್ತಾರು ವರ್ಷದ ಹಿಂದಿನ ಕೊಳೆಯ ಅನುಮಾನ ಈ ಸಲ ಅರ್ಧ ನಿಜವಾಗಿಬಿಟ್ಟಿತ್ತು! ಸೋರಿಕೆಯ ಪಾಲನ್ನು ಬೇರ್ಪಡಿಸುವ ದಾರಿ ಹುಡುಕಿದ ಮೇಲೆ, ಕಂಬರ್ಲೆಂಡ್ ಎಂದು ಹೆಸರಿಟ್ಟ ಕೆಸರುಗಲ್ಲಿನ ಪುಡಿಯಲ್ಲಿ ಕ್ಲೋರೋಬೆಂಜೀನ್ ಸಿಕ್ಕಿತು, ಶತಕೋಟಿಗೆ 150ರಿಂದ 300 ಪಾಲು. ಮಂಗಳನದೇ ಇಂಗಾಲ ಎಂದು 2014ರ ಡಿಸೆಂಬರ್‌ನಲ್ಲಿ ಘೋಷಿಸಿದರು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲುಗಳಲ್ಲಿ ಗಂಧಕ ಸೇರಿದ ಸಾವಯವ ಅಣುಗಳು 2018ರಲ್ಲಿ ಸಿಕ್ಕವು. ಪರ್ಕ್ಲೋರೇಟಿನ ಆಟ ಮುಗಿಯುವ 500 ಡಿಗ್ರಿಯ ಮೇಲೆ ಎದ್ದ ಆವಿಯನ್ನು ನೋಡಿದ್ದರಿಂದ ಅವು ಕಂಡವು. ಅದೇ ವರ್ಷ ಇನ್ನೊಂದು ತಂಡ ಮೈಕ್ರೋಫಿಲ್ಮ್‌ನಲ್ಲಿ ಮಲಗಿದ್ದ ವೈಕಿಂಗ್ ದಾಖಲೆಗಳನ್ನು ಎಬ್ಬಿಸಿ ಓದಿತು. ವೈಕಿಂಗ್-2ರ ಮಾಹಿತಿಯಲ್ಲೂ ಕ್ಲೋರೋಬೆಂಜೀನ್‌ನ ಗುರುತು ಇತ್ತು.

ಇಷ್ಟರಿಂದ ಲೆವಿನ್ ಗೆದ್ದರು ಎನ್ನಲಾಗದು. ಸಾವಯವ ಅಣು ಎಂದರೆ ಜೀವವಲ್ಲ, ಉಲ್ಕೆಯೂ ತರುತ್ತದೆ. ಅವರ ಪ್ರಯೋಗದಲ್ಲಿ ಎದ್ದ ಗಾಳಿಗೂ ಪರ್ಕ್ಲೋರೇಟೇ ಕಾರಣವಿರಬಹುದು: ಬಾಹ್ಯಾಕಾಶದ ವಿಕಿರಣ ಬಡಿದ ಪರ್ಕ್ಲೋರೇಟ್ ಒಡೆದು ಹೈಪೋಕ್ಲೋರೈಟ್‌ನಂಥ ಚುರುಕು ಸಂಯುಕ್ತಗಳಾಗುತ್ತವೆ, ಅವು ಆಹಾರದ ಹನಿಯನ್ನು ಜೀವಿಯ ನೆರವಿಲ್ಲದೆಯೇ ಮುರಿಯುತ್ತವೆ ಎಂದು ರಿಚರ್ಡ್ ಕ್ವಿನ್ ತಂಡ 2013ರಲ್ಲಿ ಪ್ರಯೋಗದಿಂದ ತೋರಿಸಿತು. ತೇವ ತಾಗಿದಾಗ ಬಂದ ಆಮ್ಲಜನಕಕ್ಕೂ ಅದೇ ವಿವರಣೆ. ಅಂದರೆ ಒಂದೇ ಉಪ್ಪು ಒಂದು ಯಂತ್ರದಲ್ಲಿ ಜೀವ ಇದ್ದಂತೆ ನಟಿಸಿತು, ಪಕ್ಕದ ಯಂತ್ರದಲ್ಲಿ ಇದ್ದ ಇಂಗಾಲವನ್ನೇ ಅಳಿಸಿತು. ಇಂಥ ಉಪ್ಪನ್ನು ಉಸಿರಾಟಕ್ಕೆ ಬಳಸಿಕೊಳ್ಳುವ ಬ್ಯಾಕ್ಟೀರಿಯಾಗಳು ಭೂಮಿಯಲ್ಲಿವೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಪರ್ಕ್ಲೋರೇಟ್ ಇದ್ದಮಾತ್ರಕ್ಕೆ ಜೀವ ಅಸಾಧ್ಯವಾಗುವುದಿಲ್ಲ.

ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ರೋವರ್ 2022ರಲ್ಲೇ ಹೊರಡಬೇಕಿತ್ತು. ಉಕ್ರೇನ್ ಯುದ್ಧದಿಂದಾಗಿ ರಷ್ಯಾದ ಜೊತೆಗಿನ ಒಪ್ಪಂದ ಮುರಿದು, ಉಡಾವಣೆಯನ್ನು 2028ಕ್ಕೆ ಇಟ್ಟುಕೊಂಡಿದ್ದಾರೆ. ವಿಕಿರಣ ತಲುಪದ ಎರಡು ಮೀಟರ್ ಆಳದವರೆಗೆ ಕೊರೆಯುವ ಬೈರಿಗೆ ಅದಕ್ಕಿದೆ. ಮೇಲೆತ್ತಿದ ಪುಡಿಯನ್ನು ಪರೀಕ್ಷಿಸುವ ಯಂತ್ರದಲ್ಲಿ ಒಲೆಯೂ ಇದೆ, ಜೊತೆಗೆ ಒಂದು ಲೇಸರ್. ಒಂದು ಸೆಕೆಂಡಿನ ಶತಕೋಟಿ ಭಾಗದ ಲೆಕ್ಕದಲ್ಲಿ ಮಿನುಗಿ ಅಣುಗಳನ್ನು ಕಲ್ಲಿನಿಂದ ಎಬ್ಬಿಸುತ್ತದೆ ಅದು, ಪರ್ಕ್ಲೋರೇಟಿಗೆ ಉರಿಸಲು ಪುರಸೊತ್ತು ಸಿಗುವ ಮೊದಲೇ.