ಹಳಹಳಿಕೆಯ ಭಾಷೆ ಯಾವುದು? ಎಂವಿಪಿ ಕಾಲೋನಿಯ ಕೇಬಲ್ ಟಿವಿ ಮತ್ತು ಹೊರನಾಡ ಕನ್ನಡ ಪ್ರೇಕ್ಷಕರು

ಬಾಲ್ಯದಲ್ಲಿ ಕಂಡ ಚಲನಚಿತ್ರ, ಕೇಳಿದ ಚಿತ್ರಗೀತೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿದ ದೂರದರ್ಶನ ಕಾರ್ಯಕ್ರಮ, ಇವುಗಳನ್ನು ಕುರಿತ ಹಂಬಲವನ್ನು ಕನ್ನಡ ವಿಮರ್ಶೆಯು ‘ಹಳಹಳಿಕೆ’ ಎಂದು ಕರೆಯುತ್ತದೆ. ಆ ಮಾತಿನಲ್ಲಿ ತುಸು ಅವಹೇಳನವೂ ಬೆರೆತಿದೆ. ಹಳಹಳಿಕೆ ಎಂದೊಡನೆಯೇ ಚರಿತ್ರೆಗೆ ಬೆನ್ನುಮಾಡಿದ ಭಾವುಕತೆ ಎಂಬ ತೀರ್ಮಾನ ಸಿದ್ಧವಾಗಿರುತ್ತದೆ. ಪಶ್ಚಿಮದಲ್ಲಿ ಇದಕ್ಕೆ ಸಂವಾದಿಯಾದ ‘ನಾಸ್ಟಾಲ್ಜಿಯ’ ಎಂಬ ಪದವನ್ನು 1688ರಲ್ಲಿ ರೂಪಿಸಿದ ಯೋಹಾನೆಸ್ ಹೋಫರ್ ಅದನ್ನು ಬಳಸಿದ್ದು ಊರು ಬಿಟ್ಟವರನ್ನು ಕಾಡುವ ಕಾಯಿಲೆಯ ಹೆಸರಾಗಿ. ಕಳೆದ ಕಾಲದ ಹಂಬಲ ಎಂಬ ಅರ್ಥ ಅನಂತರದ್ದು. ಹೊರನಾಡ ಕನ್ನಡಿಗರ ವಿಷಯದಲ್ಲಿ ಈ ಎರಡು ಅರ್ಥಗಳೂ ಕೂಡಿಕೊಳ್ಳುತ್ತವೆ. ಅವರ ಹಳಹಳಿಕೆಯಲ್ಲಿ ಊರೂ ಇದೆ, ಕಾಲವೂ ಇದೆ. ಆದರೆ ಅದರ ಭಾಷೆ ಕನ್ನಡವೊಂದೇ ಎಂದು ಮೊದಲೇ ಭಾವಿಸಿ ಹೊರಡುವ ಅಧ್ಯಯನವು ದಾರಿ ತಪ್ಪುತ್ತದೆ ಎಂಬುದನ್ನು ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಸಂದರ್ಭವನ್ನು ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮುವ್ವಲವಾನಿಪಾಲೆಂ ಎಂಬ ಹಳ್ಳಿಯ ಹೆಸರೇ ಹ್ರಸ್ವಗೊಂಡು ಎಂವಿಪಿ ಆಗಿದೆ. ಸೆಕ್ಟರುಗಳಾಗಿ ವಿಂಗಡಿಸಿದ ಈ ಬಡಾವಣೆ ಕಡಲ ದಂಡೆಗೆ ಸಮೀಪದಲ್ಲಿದೆ. ಬಂದರು, ನೌಕಾಪಡೆ, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆ, ಆಂಧ್ರ ವಿಶ್ವವಿದ್ಯಾನಿಲಯ ಇವೆಲ್ಲ ಸೇರಿ ವಿಶಾಖಪಟ್ಟಣವನ್ನು ವರ್ಗಾವಣೆಯ ನೌಕರರ ಊರನ್ನಾಗಿ ಮಾಡಿವೆ. ಕರಾವಳಿ ಕರ್ನಾಟಕದಲ್ಲಿ ಹುಟ್ಟಿ ದೇಶವ್ಯಾಪಿಯಾಗಿ ಬೆಳೆದ ಬ್ಯಾಂಕುಗಳೂ ಕನ್ನಡ ಸಂಸಾರಗಳನ್ನು ಇಂಥ ಊರುಗಳಿಗೆ ಕರೆತಂದವು. ಗಡಿಜಿಲ್ಲೆಗಳ ಕನ್ನಡಿಗರಿಗೂ ಇವರಿಗೂ ವ್ಯತ್ಯಾಸವಿದೆ. ಕಾಸರಗೋಡಿನಲ್ಲಿರುವಂತೆ ಇಲ್ಲಿ ಕನ್ನಡ ಶಾಲೆಯ ಪರಂಪರೆಯಾಗಲಿ ಗಡಿಯಾಚೆಯಿಂದ ದಿನವೂ ಬರುವ ಬಸ್ಸಾಗಲಿ ಇರಲಿಲ್ಲ. ಮನೆಯ ಹೊಸ್ತಿಲು ದಾಟಿದರೆ ಕನ್ನಡ ಮುಗಿಯುತ್ತಿತ್ತು.

ಕೇಬಲ್ ಬರುವುದಕ್ಕೆ ಮುನ್ನ ಈ ಪ್ರದೇಶದ ಚಿತ್ರಮಂದಿರಗಳಿಗೆ ಯಾವ ಚಿತ್ರ ಬರಬೇಕೆಂಬುದರಲ್ಲಿ ವಿಜಯವಾಡದ ಹಂಚಿಕೆದಾರರ ಮಾತು ದೊಡ್ಡದಾಗಿತ್ತು. ಆಂಧ್ರ ಭಾಗದ ಮೊದಲ ಸ್ಥಿರ ಚಿತ್ರಮಂದಿರವಾದ ಮಾರುತಿ ಟಾಕೀಸ್ 1921ರಲ್ಲಿ ಆರಂಭವಾದದ್ದೂ ಅದೇ ಊರಿನಲ್ಲಿ. ಆಂಧ್ರ, ಸೀಡೆಡ್, ನೈಜಾಂ ಎಂದು ವಿಂಗಡಣೆಗೊಂಡ ತೆಲುಗು ಮಾರುಕಟ್ಟೆಯಲ್ಲಿ ಕನ್ನಡ ಚಿತ್ರಕ್ಕೆ ಸ್ಥಾನವಿರಲಿಲ್ಲ. ಕನ್ನಡದ ಕಥೆಗೆ ಮಾತ್ರ ಇತ್ತು. ‘ಸ್ಕೂಲ್ ಮಾಸ್ಟರ್’ (1958) ಎನ್.ಟಿ. ರಾಮರಾವ್ ಅವರ ‘ಬಡಿ ಪಂತುಲು’ (1972) ಆಗಿ, ‘ಶರಪಂಜರ’ವು ‘ಕೃಷ್ಣವೇಣಿ’ (1974) ಆಗಿ ತೆಲುಗಿನವರನ್ನು ತಲುಪಿದವು. ರಾಜ್‌ಕುಮಾರ್ ಅವರು ಸ್ವತಃ ತೆಲುಗು ಚಿತ್ರದಲ್ಲಿ ಅಭಿನಯಿಸಿದ್ದು ಒಮ್ಮೆ ಮಾತ್ರ, ‘ಬೇಡರ ಕಣ್ಣಪ್ಪ’ದ ತೆಲುಗು ರೂಪವಾದ ‘ಕಾಳಹಸ್ತಿ ಮಹಾತ್ಮ್ಯಂ’ನಲ್ಲಿ.

ಧ್ವನಿಯ ಮಟ್ಟಿಗೆ ಸಂಗತಿ ಬೇರೆಯೇ ಇದೆ. ಹಳೆಯ ಕನ್ನಡ ಚಿತ್ರಗೀತೆ ಎಂದಾಗ ಕನ್ನಡಿಗರ ಕಿವಿಯಲ್ಲಿ ಮೊಳಗುವ ಕಂಠಗಳು ಬಹುಪಾಲು ಈ ತೀರದವು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ತರುವಾಯ ರಾಜ್‌ಕುಮಾರ್ ತಾವೇ ಹಾಡತೊಡಗುವವರೆಗೆ ಅವರ ಶಾರೀರವೆಂದೇ ಜನ ನಂಬಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿಯವರು ಗುಂಟೂರು ಸೀಮೆಯವರು. ಪಿ. ಸುಶೀಲಾ ಅವರ ಊರು ವಿಶಾಖಪಟ್ಟಣದ ನೆರೆಯ ವಿಜಯನಗರಂ. ಆದ್ದರಿಂದ ಈ ಕಾಲೋನಿಯ ಕನ್ನಡ ಮನೆಯೊಂದರಲ್ಲಿ ‘ನಮ್ಮ ಹಾಡು’ ಎಂದು ಹಾಕಿದ ಧ್ವನಿಸುರುಳಿಯ ಕಂಠವನ್ನು ಪಕ್ಕದ ಮನೆಯವರು ತಮ್ಮದೆಂದು ಗುರುತಿಸಬಲ್ಲವರಾಗಿದ್ದರು. ಈ ಗುರುತಿಸುವಿಕೆಯನ್ನು ಯಾವ ಭಾಷೆಯ ಲೆಕ್ಕಕ್ಕೆ ಸೇರಿಸುವುದು?

ಇನ್ನು ಕೇಬಲ್. ಭೂಪ್ರಸಾರದ ಕಾಲದಲ್ಲಿ, ಅಂದರೆ 1981ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಆರಂಭವಾದ ಮೇಲೂ, ಅಲ್ಲಿನ ಪ್ರಸಾರ ಬಂಗಾಳಕೊಲ್ಲಿಯ ದಂಡೆಯನ್ನು ಮುಟ್ಟುವುದು ಸಾಧ್ಯವಿರಲಿಲ್ಲ. ಉಪಗ್ರಹಕ್ಕೆ ರಾಜ್ಯದ ಗಡಿಯಿಲ್ಲ. 1994ರಲ್ಲಿ ಉದಯ ಟಿವಿ, 1995ರಲ್ಲಿ ತೆಲುಗಿನ ಜೆಮಿನಿ ಮತ್ತು ಈಟಿವಿ ಆರಂಭವಾದವು. 2000ದ ಕೊನೆಗೆ ಈಟಿವಿ ಕನ್ನಡವೂ ಬಂದಿತು. ಇವುಗಳಲ್ಲಿ ಯಾವುದು ಮನೆಗೆ ತಲುಪಬೇಕೆಂಬುದನ್ನು ನಿರ್ಧರಿಸುತ್ತಿದ್ದವನು ಮಾತ್ರ ಮಹಡಿಯ ಮೇಲೆ ಡಿಶ್ ನಿಲ್ಲಿಸಿ, ಕಂಬದಿಂದ ಕಂಬಕ್ಕೆ ತಂತಿ ಎಳೆದು, ತಿಂಗಳಿಗೊಮ್ಮೆ ಬಾಗಿಲಿಗೆ ಬರುವ ಕೇಬಲ್ ಆಪರೇಟರ್.

ಸಂಶೋಧಕರು ವಿಶೇಷವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆಯು (1995) ದೂರದರ್ಶನದ ವಾಹಿನಿಗಳನ್ನು ತೋರಿಸುವುದನ್ನು ಕಡ್ಡಾಯಗೊಳಿಸಿತು. 2000ದ ತಿದ್ದುಪಡಿಯು ಆಯಾ ರಾಜ್ಯದ ಪ್ರಾದೇಶಿಕ ಭಾಷಾ ವಾಹಿನಿಯೊಂದನ್ನೂ ಸೇರಿಸಿತು. ವಿಶಾಖಪಟ್ಟಣದಲ್ಲಿ ಹಾಗೆಂದರೆ ತೆಲುಗು. ಹೊರನಾಡ ಭಾಷೆಗೆ ಕಾಯಿದೆಯ ಆಸರೆ ಇರಲಿಲ್ಲ. ಕೆಲವು ಮನೆಗಳವರು ಕೂಡಿ ಕೇಳಿಕೊಂಡರೆ, ಆಪರೇಟರನ ಮನಸ್ಸಿಗೆ ಬಂದರೆ, ಜಾಲದಲ್ಲಿ ತೆರಪಿದ್ದರೆ ಕನ್ನಡ ಬರುತ್ತಿತ್ತು. ಆದರೆ ಒಮ್ಮೆ ಬಂದರೆ ಅದು ಕೇಳಿದವರ ಮನೆಗಷ್ಟೇ ಬರುತ್ತಿರಲಿಲ್ಲ. ಆ ಕಾಲದ ಅನಲಾಗ್ ತಂತಿಯಲ್ಲಿ ಹರಿದದ್ದು ಅದೇ ತಂತಿಯ ಎಲ್ಲ ಮನೆಗಳಿಗೂ ಹರಿಯಬೇಕು; ಇವರಿಗೆ ಉಂಟು, ಅವರಿಗೆ ಇಲ್ಲ ಎಂದು ವಿಂಗಡಿಸುವುದು ಸುಲಭವಿರಲಿಲ್ಲ. ಹೀಗೆ ನಾಲ್ಕು ಕನ್ನಡ ಮನೆಗಳಿಗಾಗಿ ತಂದ ವಾಹಿನಿ ಬೀದಿಯ ತೆಲುಗು, ಒಡಿಯಾ, ಬಂಗಾಳಿ ಮನೆಗಳಿಗೂ ಹೋಗುತ್ತಿತ್ತು. ಅವರಿಗಾಗಿ ತಂದದ್ದು ಇವರಿಗೂ ಬರುತ್ತಿತ್ತು. ಗುಂಡಿಯೊತ್ತುತ್ತ ಹೋದಂತೆ ಯಾವುದೋ ಭಾಷೆಯ ಯಾವುದೋ ಚಿತ್ರದಲ್ಲಿ ಕಣ್ಣು ನಿಲ್ಲುವುದು ಆ ವ್ಯವಸ್ಥೆಯ ಫಲ. ಕೇಬಲ್ ಕಾಲದ ಹಂಬಲದಲ್ಲಿ ನನಗೆ ಮುಖ್ಯವಾಗಿ ತೋರುವುದು ಈ ಆಕಸ್ಮಿಕ ಭೇಟಿಯೇ ಹೊರತು ಇಂಥದೇ ಧಾರಾವಾಹಿ, ಇಂಥದೇ ಚಿತ್ರ ಎಂಬುದಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಈಟಿವಿಯ ‘ಪಾಡುತಾ ತೀಯಗಾ’ದಲ್ಲಿ ತೆಲುಗು ಮಕ್ಕಳನ್ನೂ ‘ಎದೆ ತುಂಬಿ ಹಾಡುವೆನು’ವಿನಲ್ಲಿ ಕನ್ನಡ ಮಕ್ಕಳನ್ನೂ ತಿದ್ದುತ್ತಿದ್ದರು. ಎರಡೂ ವಾಹಿನಿಗಳು ಬರುವ ಮನೆಯಲ್ಲಿ ಇವು ಒಂದೇ ಕಾರ್ಯಕ್ರಮದ ಎರಡು ನಾಲಗೆಗಳಂತೆ ಇದ್ದವು.

ಇದನ್ನು ಸುವರ್ಣಯುಗವೆಂದು ಹೊಗಳುವುದು ತಪ್ಪಾಗುತ್ತದೆ. ಉದಯ ಟಿವಿ ಆರಂಭವಾದ ವರ್ಷವೇ, 1994ರ ಅಕ್ಟೋಬರ್‌ನಲ್ಲಿ, ಬೆಂಗಳೂರು ದೂರದರ್ಶನವು ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಪ್ರಸಾರ ಮಾಡಿದಾಗ ನಡೆದ ಗಲಭೆಯಲ್ಲಿ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪರದೆಯ ಮೇಲೆ ಭಾಷೆಗಳು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಬೀದಿಯಲ್ಲಿ ಸೌಹಾರ್ದ ತಾನೇ ಬರುವುದಿಲ್ಲ. ಸ್ಥಳದ ಬಹುಸಂಖ್ಯಾತರಿಗೆ ಅನ್ಯಭಾಷೆಯ ಹತ್ತು ನಿಮಿಷ ಆಕ್ರಮಣವಾಗಿ ಕಾಣಬಹುದು. ಅಲ್ಪಸಂಖ್ಯಾತರಾಗಿ ಬದುಕುವ ಮನೆಗೆ ಅದೇ ಹತ್ತು ನಿಮಿಷ ಉಸಿರು. ಎಂವಿಪಿ ಕಾಲೋನಿಯಲ್ಲಿ ಕನ್ನಡಿಗರು ಎರಡನೆಯ ಸ್ಥಾನದಲ್ಲಿದ್ದರು ಎಂಬುದನ್ನು ಕರ್ನಾಟಕದೊಳಗಿನ ನಾವು ನೆನಪಿಡುವುದು ಒಳ್ಳೆಯದು.

ಡಿಜಿಟಲೀಕರಣದ ಎರಡನೆಯ ಹಂತದ ನಗರಗಳಲ್ಲಿ ಬೆಂಗಳೂರು, ಮೈಸೂರುಗಳೊಂದಿಗೆ ವಿಶಾಖಪಟ್ಟಣವೂ ಸೇರಿತ್ತು. ಅದಕ್ಕೆ ಗೊತ್ತುಪಡಿಸಿದ್ದ ಗಡುವು 2013ರ ಮಾರ್ಚ್ 31. ಅದರೊಂದಿಗೆ ಮನೆಗೊಂದು ಸೆಟ್ ಟಾಪ್ ಪೆಟ್ಟಿಗೆ ಬಂದಿತು. 2019ರ ಫೆಬ್ರವರಿಯಿಂದ ಪಾವತಿ ವಾಹಿನಿಗಳನ್ನು ಪ್ರೇಕ್ಷಕರೇ ಆರಿಸಿ ಹಣ ತೆರುವ ಪದ್ಧತಿ ಜಾರಿಗೆ ಬಂದಿತು. ನ್ಯಾಯದ ದೃಷ್ಟಿಯಿಂದ ಇದನ್ನು ಆಕ್ಷೇಪಿಸುವಂತಿಲ್ಲ. ಕನ್ನಡ ಬೇಕಾದವರು ಈಗ ಆಪರೇಟರನನ್ನು ಬೇಡಬೇಕಿಲ್ಲ. ಆದರೆ ಕನ್ನಡ ಬೇಕೆಂದು ಕೇಳದ ನೆರೆಮನೆಗೆ ಈಗ ಪಾವತಿಯ ಕನ್ನಡ ವಾಹಿನಿ ಹೋಗುವುದಿಲ್ಲ. ಡಬ್ಬಿಂಗ್ ವಿಷಯದಲ್ಲೂ ಇಂಥದೇ ಬದಲಾವಣೆ ಕಾಣುತ್ತದೆ. ಕನ್ನಡದಲ್ಲಿ ದಶಕಗಳ ಕಾಲ ಕಟ್ಟಳೆಯಂತಿದ್ದ ಡಬ್ಬಿಂಗ್ ವಿರೋಧವು 2015ರಲ್ಲಿ ಸ್ಪರ್ಧಾ ಆಯೋಗದ ಆದೇಶದ ತರುವಾಯ ಸಡಿಲಗೊಂಡಿತು; 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲೇ ಮನೆಗಳಿಗೆ ಬಂದಿತು. ‘ಕೆಜಿಎಫ್’ (2018), ‘ಕಾಂತಾರ’ (2022) ಆಂಧ್ರದ ಚಿತ್ರಮಂದಿರಗಳನ್ನು ತುಂಬಿದ್ದು ತೆಲುಗಿನಲ್ಲಿ. ಕನ್ನಡ ಚಿತ್ರ ಎಂದೂ ಹೋಗದಷ್ಟು ದೂರ ಹೋಯಿತು. ಕನ್ನಡ ಭಾಷೆ ಅದರ ಜೊತೆಗೆ ಅಷ್ಟು ದೂರ ಹೋಗಲಿಲ್ಲ.

ಇನ್ನು ಆಕರಗಳ ಪ್ರಶ್ನೆ. ಚಲನಚಿತ್ರಗಳು ಉಳಿದಿವೆ, ಕೆಲವು ಧಾರಾವಾಹಿಗಳೂ ಉಳಿದಿವೆ. ಯಾವ ಬೀದಿಯಲ್ಲಿ, ಯಾವ ವರ್ಷ, ಯಾವ ವಾಹಿನಿ ಇತ್ತು ಎಂಬುದಕ್ಕೆ ಮಾತ್ರ ದಾಖಲೆ ದೊರೆಯುವುದು ಕಷ್ಟ. ತೋರಿಸಿದ ಕಾರ್ಯಕ್ರಮಗಳ ದಾಖಲೆಪುಸ್ತಕವನ್ನು ಆಪರೇಟರನು ಇಡಬೇಕೆಂದು 1995ರ ಕಾಯಿದೆಯೇ ವಿಧಿಸಿತ್ತು. ಆದರೆ ಅದನ್ನು ಕಾಪಾಡಬೇಕಾದ ಅವಧಿ ಒಂದು ವರ್ಷ. ರಾತ್ರಿ ವಿಡಿಯೊ ಕ್ಯಾಸೆಟ್ಟಿನಿಂದ ಚಿತ್ರ ತೋರಿಸುತ್ತಿದ್ದ, ಪರದೆಯ ಕೆಳಗೆ ಬಟ್ಟೆಯಂಗಡಿಯ ಜಾಹೀರಾತು ಓಡಿಸುತ್ತಿದ್ದ ಸ್ಥಳೀಯ ವಾಹಿನಿಗಳ ಚರಿತ್ರೆಗೆ ಪ್ರೇಕ್ಷಕರ ಸ್ಮರಣೆಯೇ ಬಹುತೇಕ ಏಕಮಾತ್ರ ಆಕರ. ವರ್ಗಾವಣೆಯ ಸಂಸಾರಗಳು ಚದುರುತ್ತವೆ. ಆ ಕಾಲದ ಹಿರಿಯರ ವಯಸ್ಸೂ ಮಾಗಿದೆ. ಹಳಹಳಿಕೆಯನ್ನು ಭಾವುಕತೆಯೆಂದು ಬದಿಗೊತ್ತಿದರೆ ಈ ಆಕರವೂ ಅದರೊಂದಿಗೆ ಹೋಗುತ್ತದೆ.

ಹೊರರಾಜ್ಯಗಳಲ್ಲಿರುವ ಸಂಶೋಧಕ ಮಿತ್ರರು ಇಂಥ ಮನೆಗಳಲ್ಲಿ ಸಂದರ್ಶನ ಕೈಗೊಳ್ಳುವಾಗ ಮೆಚ್ಚಿನ ಕನ್ನಡ ಚಿತ್ರ ಯಾವುದೆಂಬ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿ, ಕನ್ನಡ ವಾಹಿನಿ ಎಷ್ಟನೆಯ ಗುಂಡಿಯಲ್ಲಿ ಬರುತ್ತಿತ್ತು, ಅದರ ಹಿಂದೆ ಮುಂದೆ ಯಾವ ಭಾಷೆಗಳಿದ್ದವು, ಅದನ್ನು ತರಿಸಲು ಯಾರು ಯಾರು ಕೂಡಿ ಹೋಗಿ ಕೇಳಿದರು ಎಂಬುದರಿಂದ ಆರಂಭಿಸಬಹುದು. ನೆರೆಯ ತೆಲುಗು ಮನೆಯಲ್ಲೂ ಅವೇ ಪ್ರಶ್ನೆಗಳನ್ನು ಕೇಳಬೇಕು.